ಬಿದ್ದವರ ಬಳಗ

ಊರಿನ ಅರ್ಧ ಜನರನ್ನು ಕುರ್ಚಿಯ ಮೇಲೆ ಕೂರಿಸಿದ ಬೆತ್ತದಕ್ಕ ತಾನು ಮಾತ್ರ ಜೀವಮಾನವೆಲ್ಲ ನೆಲದ ಮೇಲೇ ಕೂತಳು. ಅದರಲ್ಲಿ ತ್ಯಾಗವೇನೂ ಇರಲಿಲ್ಲ. ಬೆತ್ತದ ಆಸನ ಹೆಣೆಯಬೇಕಾದರೆ ಕುರ್ಚಿಯನ್ನು ಮಲಗಿಸಿ, ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಒದ್ದೆ ಬೆತ್ತದ ಎಳೆಯನ್ನು ಬೆನ್ನಿನ ಬಲದಿಂದ ಎಳೆಯಬೇಕು. ಸ್ಟೂಲಿನ ಮೇಲೆ ಕೂತು ಎಳೆದರೆ ತೋಳಿನ ಬಲ ಮಾತ್ರ ಬರುತ್ತದೆ. ತೋಳಿನ ಬಲದಲ್ಲಿ ಹೆಣೆದ ಆಸನ ವರ್ಷ ತುಂಬುವುದರೊಳಗೆ ಜೋತುಬೀಳುತ್ತದೆ. ಇದನ್ನು ಅವಳಿಗೆ ಕಲಿಸಿದ್ದು ಅತ್ತೆ. ಕಲಿಸಿದಳು ಅನ್ನುವುದಕ್ಕಿಂತ ಬೈದಳು ಅನ್ನುವುದು ಸರಿ. ಅತ್ತೆ ಬೈಯುವುದು, ಗಂಡ ಮರದ ಚೌಕಟ್ಟು ಮಾಡುವುದು, ಇವಳು ಹೆಣೆಯುವುದು, ಹೀಗೆ ಆ ಅಂಗಡಿ ನಡೆಯಿತು. ಅತ್ತೆ ಹೋದಳು, ಆಮೇಲೆ ಗಂಡನೂ ಹೋದ. ಬೆತ್ತದಕ್ಕ ಹೊಸ ಕುರ್ಚಿಯ ಗೊಡವೆ ಬಿಟ್ಟು ಹಳೆಯವನ್ನು ರಿಪೇರಿ ಮಾಡುತ್ತ ಮಗಳನ್ನು ಓದಿಸಿದಳು, ಮದುವೆ ಮಾಡಿದಳು, ಮಗಳು-ಅಳಿಯರ ಜೊತೆ ಒಂದೇ ಸೂರಿನಡಿ ಜಗಳವಾಡದೆ ಇರುವ ವಿದ್ಯೆಯನ್ನೂ ಕಲಿತಳು. ಆ ಕೊನೆಯ ವಿದ್ಯೆಯ ಗುಟ್ಟು ಇಷ್ಟೇ: ಬೆಳಗ್ಗೆ ಮನೆ ಬಿಟ್ಟರೆ ಸಂಜೆಯವರೆಗೆ ಅಂಗಡಿಯಲ್ಲಿರುವುದು.

ಅಂಗಡಿಯೆಂದರೆ ಒಂದೇ ಕೋಣೆ, ಬೀದಿಯ ಮಟ್ಟಕ್ಕಿಂತ ತುಸು ತಗ್ಗಿನಲ್ಲಿ. ಕಿಟಕಿಯಿಂದ ನೋಡಿದರೆ ಹೋಗುವವರ ಮುಖ ಕಾಣುತ್ತಿರಲಿಲ್ಲ, ಕಾಲು ಕಾಣುತ್ತಿತ್ತು. ಸಿಮೆಂಟಿನ ನೆಲ. ಮೂಲೆಯಲ್ಲಿ ಬೆತ್ತ ನೆನೆಸುವ ತಗಡಿನ ತೊಟ್ಟಿ. ಗೋಡೆಯ ಮೊಳೆಗಳಿಗೆ ದಬ್ಬಳ, ಸೀಳುವ ಚಾಕು, ತೂತಿನಿಂದ ಎಳೆ ಜಾರದಂತೆ ಸಿಕ್ಕಿಸುವ ಮರದ ಗೂಟಗಳ ಚೀಲ. ಸೂರಿನಿಂದ ಕಾಲು ಮೇಲಾಗಿ ತೂಗುವ ಕುರ್ಚಿಗಳು. ಒಳಗೆ ಬರುವವರು ಮೊದಲು ತಲೆ ತಗ್ಗಿಸಬೇಕಿತ್ತು. "ನನ್ನ ಅಂಗಡಿಗೆ ಬಂದ್ರೆ ಎಂಥವರೂ ತಲೆ ಬಾಗಿಸ್ತಾರೆ," ಎಂದು ಅವಳು ಹೇಳುವುದಿತ್ತು. ಗಿರಾಕಿಗಳ ಜೊತೆ ಹರಟೆ ಅಷ್ಟಕ್ಕೇ ಮುಗಿಯುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆಯಲು ಎದ್ದವಳು ಒದ್ದೆ ಬೆತ್ತದ ಚೂರನ್ನು ತುಳಿದು ಜಾರಿದಳು. ತೊಟ್ಟಿಗೂ ರಿಪೇರಿಗೆ ಬಂದಿದ್ದ ಒಂದು ತೂಗುಕುರ್ಚಿಗೂ ನಡುವೆ ಅಂಗಾತ ಬಿದ್ದಳು. ಮೂಳೆ ಮುರಿಯಲಿಲ್ಲ, ತಲೆ ಒಡೆಯಲಿಲ್ಲ. ಬಿದ್ದದ್ದು ದೊಡ್ಡ ಸಂಗತಿಯಲ್ಲ. ಆನೆಗೂ ಅಡಿ ತಪ್ಪುತ್ತದೆ. ಏಳಲು ಆಗಲಿಲ್ಲ ಎನ್ನುವುದು ದೊಡ್ಡ ಸಂಗತಿ. ಕೂತಲ್ಲಿಂದ ಏಳುವುದು ಅವಳಿಗೆ ಅಭ್ಯಾಸವಾಗಿತ್ತು. ನೆಲದ ಮೇಲೆ ಅಂಗಾತ ಮಲಗಿದಲ್ಲಿಂದ ಏಳುವುದು ಮರೆತೇ ಹೋಗಿತ್ತು. ಮಂಚದ ಮೇಲೆ ಮಲಗುವವರಿಗೆ ಆ ವಿದ್ಯೆ ಬೇಕಾಗುವುದಿಲ್ಲ. ಕತ್ತು ಎತ್ತಿದಳು, ಬೆನ್ನು ಒಪ್ಪಲಿಲ್ಲ. ಕಾಲು ಒದ್ದಳು, ತೂಗುಕುರ್ಚಿ ತೂಗಿತು. ಮೊದಮೊದಲು ಕೂಗಿದಳು. ಕಿಟಕಿಯಾಚೆ ಕಾಲುಗಳು ಹೋಗುತ್ತಿದ್ದವು, ಒಂದೂ ನಿಲ್ಲಲಿಲ್ಲ. ಆಮೇಲೆ, ಯಾರಾದರೂ ನಿಂತು ಬಗ್ಗಿ ನೋಡಿದರೆ ತನ್ನನ್ನು ಈ ಸ್ಥಿತಿಯಲ್ಲಿ ಕಾಣುತ್ತಾರಲ್ಲ ಎಂದು ನಾಚಿಕೆಯಾಗಿ ಕೂಗುವುದನ್ನೇ ನಿಲ್ಲಿಸಿದಳು. ತಲೆಯ ಮೇಲೆ ತೂಗುವ ಕುರ್ಚಿಗಳ ಕೆಳಭಾಗ ನೋಡುತ್ತ ಮಲಗಿದಳು. ಒಂದರ ಗಂಟು ಸರಿಯಾಗಿರಲಿಲ್ಲ. ಸಂಜೆ ಮಗಳು ಹುಡುಕಿಕೊಂಡು ಬರುವ ಹೊತ್ತಿಗೆ ಕೈಕಾಲು ತಣ್ಣಗಾಗಿದ್ದವು.

ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಿದ್ದವರ ಮನೆಯವರು ಬರುವುದು ಅಲ್ಲಿಗೇ. ಮೊದಲು ಮುಲಾಮು ಕೇಳುತ್ತಾರೆ, ಆಮೇಲೆ ಊರುಗೋಲು, ಆಮೇಲೆ ವಾಕರ್, ಕೊನೆಗೆ ಹಾಸಿಗೆ ಹಿಡಿದವರಿಗೆ ಬೇಕಾಗುವ ಸಾಮಾನು. ಆ ಇಳಿಜಾರನ್ನು ಅವಳು ಕೌಂಟರಿನ ಹಿಂದೆ ನಿಂತು ಎಷ್ಟೋ ಮನೆಗಳಲ್ಲಿ ಕಂಡಿದ್ದಳು. ಹಾಗಾಗಿ ಅವಳ ಭಯವನ್ನು ಅತಿ ಎನ್ನುವಂತಿರಲಿಲ್ಲ.

"ಇನ್ನು ನೆಲದ ಮೇಲೆ ಕೂರೋದು ಬೇಡ," ಎಂದಳು. "ಅಂಗಡಿಯಲ್ಲಿ ಒಬ್ಬಳೇ ಇರೋದೂ ಬೇಡ."

"ಮತ್ತೆ ಎಲ್ಲಿ ಕೂತು ಹೆಣೀಲಿ, ಗಾಳೀಲಾ?"

"ಹೆಣೆದಿದ್ದು ಸಾಕಮ್ಮ. ಇಷ್ಟು ವರ್ಷ ಬೇರೆಯವರನ್ನ ಕೂರಿಸಿದೀಯ. ಈಗ ನೀನು ಕೂತ್ಕೋ."

ಬೆತ್ತದಕ್ಕ ಜಗಳಕ್ಕೆ ನಿಲ್ಲಲಿಲ್ಲ. ಅದೇ ಕೆಟ್ಟ ಲಕ್ಷಣ. ಅಂಗಡಿಗೆ ಬೀಗ ಬಿತ್ತು. ಅವಳು ಮನೆಯಲ್ಲಿ ಗೋಡೆ ಸವರಿಕೊಂಡು ನಡೆಯತೊಡಗಿದಳು. ಬಚ್ಚಲಿನ ಚಿಲಕ ಹಾಕುವುದನ್ನು ಬಿಟ್ಟಳು. ಬಿದ್ದ ಚಮಚವನ್ನು ಎತ್ತಲು ಬಗ್ಗುವ ಬದಲು ಮಗಳು ಬರಲೆಂದು ಕಾದಳು. ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಿದ್ದ ಅಳಿಯ ಮನೆಯಲ್ಲಿ ಮಾತು ಹಗುರಾಗಲಿ ಎಂದು, "ಅತ್ತೆ, ನಿಮ್ಮನ್ನೂ ಪಾರ್ಸಲ್ ಥರ ಸುತ್ತಿ 'ಜೋಪಾನ, ಒಡೆಯೋ ಸಾಮಾನು' ಅಂತ ಚೀಟಿ ಅಂಟಿಸಿಬಿಡ್ತೀನಿ," ಎಂದ. ಅವಳು ನಕ್ಕಳು. ಆಮೇಲೆ ಕೋಣೆಗೆ ಹೋಗಿ, ಇಷ್ಟು ಬೇಗ ತಾನು ಒಡೆಯುವ ಸಾಮಾನಾದೆನೇ ಎಂದು ಯೋಚಿಸಿದಳು. ಹೊರಗೆ ಬಂದು ಮಗಳನ್ನು ಕೇಳಿದಳು:

"ನೆಲದಿಂದ ನಾನೇ ಎದ್ದು ತೋರಿಸಿದ್ರೆ?"

"ನನ್ನ ಕಣ್ಣೆದುರಿಗೆ, ಯಾರ ಕೈಯನ್ನೂ ಹಿಡೀದೆ ಎದ್ದು ನಿಲ್ಲು. ಅವತ್ತೇ ಅಂಗಡಿ ಬಾಗಿಲು ತೆಗಿ. ನಾನು ತುಟಿ ಪಿಟಕ್ ಅನ್ನಲ್ಲ."

ಕರಾರು ನ್ಯಾಯವಾಗಿಯೇ ಇತ್ತು. ತೊಡಕು ಬೇರೆ ಕಡೆ ಇತ್ತು. ಬೆತ್ತದಕ್ಕ ನಡುಮನೆಯಲ್ಲಿ ನೆಲದ ಮೇಲೆ ಮಲಗಿ, ಉಸಿರು ಬಿಗಿಹಿಡಿದು, ಒಂದು ಮಗ್ಗುಲಿಗೆ ಹೊರಳುವಷ್ಟರಲ್ಲಿ ಮಗಳ ಕೈ ಅವಳ ಕಂಕುಳಲ್ಲಿರುತ್ತಿತ್ತು. "ಬಿಡೇ!" ಎಂದರೆ, "ಬೀಳ್ತಿದ್ಯಲ್ಲಮ್ಮ," ಎನ್ನುತ್ತಿದ್ದಳು. "ನೆಲದ ಮೇಲಿರೋಳು ಇನ್ನೆಲ್ಲಿಗೆ ಬೀಳ್ತೀನೇ?" ಎಂದು ತಾಯಿ. ಮತ್ತೊಮ್ಮೆ ಪ್ರಯತ್ನ, ಮತ್ತೆ ಕಂಕುಳಲ್ಲಿ ಕೈ. ಮಗಳು ಬೇಕೆಂದು ಮಾಡುತ್ತಿರಲಿಲ್ಲ. ಅವಳ ಕೈಗಳಿಗೆ ಅವಳ ಮಾತು ಕೇಳಿಸುತ್ತಿರಲಿಲ್ಲ. ಎಳೆದು ನಿಲ್ಲಿಸಿದ ಮೇಲೆ ಮಾತ್ರ ತೀರ್ಪು ಸ್ಪಷ್ಟವಾಗಿರುತ್ತಿತ್ತು: "ನೋಡಿದ್ಯಾ, ಆಗಲ್ಲ."

ಹೀಗಿರುವಾಗ ಒಬ್ಬಳು ಗಿರಾಕಿ ತನ್ನ ಕುರ್ಚಿಯನ್ನು ಹುಡುಕಿಕೊಂಡು ಮನೆಗೇ ಬಂದಳು. ನರ್ಸ್ ಕೆಲಸದಿಂದ ನಿವೃತ್ತಳಾದವಳು, ಊರಿಗೆಲ್ಲ ಸಿಸ್ಟರ್. ದಪ್ಪ ಅಡಿಯ ಚಪ್ಪಲಿ, ಗಿಡ್ಡ ಕೂದಲು, ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಕಣ್ಣು ತೆಗೆಯದ ಅಭ್ಯಾಸ. ಕುರ್ಚಿ ಯಾಕೆ ಆಗಿಲ್ಲ ಎಂದು ಕೇಳಿದಳು. ಬಿದ್ದೆ ಎಂದಳು ಬೆತ್ತದಕ್ಕ. ಎಲ್ಲರೂ ಎಲ್ಲಿ ಪೆಟ್ಟಾಯಿತು ಎಂದು ಕೇಳಿದ್ದರು. ಸಿಸ್ಟರ್ ಅದನ್ನು ಕೇಳಲಿಲ್ಲ.

"ಎಷ್ಟು ಹೊತ್ತು ಮಲಗಿದ್ರಿ?"

"ಊಟದ ಹೊತ್ತಿಂದ ದೀಪ ಹಚ್ಚೋ ಹೊತ್ತಿನವರೆಗೂ."

"ಹ್ಞೂ. ನಾಳೆ ಬೆಳಗ್ಗೆ ಮಾರ್ಕೆಟ್ ಹಿಂದಿನ ಕುಸ್ತಿ ಹಾಲಿಗೆ ಬನ್ನಿ."

"ಕುಸ್ತಿ ಆಡೋಕಾ?"

"ಬೀಳೋಕೆ. ಏಳೋಕೆ ಆಮೇಲೆ ಹೇಳಿಕೊಡ್ತೀನಿ."

ಆ ಹಾಲಿನಲ್ಲಿ ಸಂಜೆ ಹುಡುಗರು ಕುಸ್ತಿ ಕಲಿಯುತ್ತಿದ್ದರು. ಬೆಳಗ್ಗೆ ಬೆವರಿನ ವಾಸನೆ, ನೀಲಿ ಚಾಪೆಗಳು, ಗೋಡೆಗೆ ಒರಗಿಸಿದ ಉದ್ದ ಬೆಂಚುಗಳು ಮಾತ್ರ ಉಳಿದಿರುತ್ತಿದ್ದವು. ಅಲ್ಲಿ ಸೇರುತ್ತಿದ್ದ ವಯಸ್ಸಾದವರ ಗುಂಪಿಗೆ ಸಿಸ್ಟರ್ ಏನೋ ಗಂಭೀರವಾದ ಹೆಸರಿಟ್ಟಿದ್ದಳು. ಅದನ್ನು ಯಾರೂ ಬಳಸಲಿಲ್ಲ. ಬಸ್ ಓಡಿಸಿ ನಿವೃತ್ತನಾಗಿದ್ದ, ತಾಳೆಮರದಷ್ಟು ಎತ್ತರದ ಬಸ್ಸಿನ ಮಾವ "ಬಿದ್ದವರ ಬಳಗ" ಎಂದು ಕರೆದ, ಅದೇ ನಿಂತಿತು. ಒಮ್ಮೆಯಾದರೂ ಬಿದ್ದಿರಬೇಕು, ಬೇರೆ ಅರ್ಹತೆ ಬೇಡ. ಬಸ್ಸಿನ ಮಾವ ಪ್ಯಾಂಟು ಹಾಕಿಕೊಳ್ಳುವಾಗ ಬಿದ್ದಿದ್ದ. ಒಂದೇ ಮನೆಯ ಓರಗಿತ್ತಿಯರಿಬ್ಬರು ಬರುತ್ತಿದ್ದರು. ಕಿರಿಯಳು ಅಂಗಳದಲ್ಲಿ ಜಾರಿ ಬಿದ್ದಿದ್ದಳು, ಹಿರಿಯಳು ಅದನ್ನು ನೋಡಿ ನಗುವಾಗ ಬಿದ್ದಿದ್ದಳು. ಇಬ್ಬರಲ್ಲಿ ಯಾರು ಮೊದಲು ಬಿದ್ದರು ಎನ್ನುವ ವಿಷಯದಲ್ಲಿ ಮಾತ್ರ ಅವರಿಗೆ ಒಮ್ಮತವಿತ್ತು. ಇನ್ನೂ ಕೆಲವರಿದ್ದರು. ಬೆತ್ತದಕ್ಕನನ್ನು ನೋಡಿ ಬಸ್ಸಿನ ಮಾವ, "ಬನ್ನಿ ಬನ್ನಿ, ಸೀಟು ಖಾಲಿ ಇದೆ, ಎಲ್ಲಾ ನೆಲದ ಮೇಲೇ," ಎಂದ.

ಬಳಗಕ್ಕೆ ಒಂದೇ ಒಂದು ಕಟ್ಟಳೆ. ಯಾರಾದರೂ ನೆಲದ ಮೇಲಿದ್ದರೆ ಉಳಿದವರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬಿದ್ದವರು ತಾವಾಗಿ "ಕೈ ಕೊಡಿ" ಎಂದು ಕೇಳುವವರೆಗೆ ಯಾರೂ ಮುಟ್ಟಕೂಡದು. ಬಾಯಿಂದ ಹೇಳಿಕೊಡಬಹುದು, ಅದೂ ಬೇಕಾದಷ್ಟೇ. "ನೀವು ಎಳೆದು ನಿಲ್ಲಿಸಿದ್ರೆ ಅವರು ಎದ್ದ ಹಾಗಲ್ಲ, ನೀವು ಎತ್ತಿದ ಹಾಗೆ," ಎನ್ನುತ್ತಿದ್ದಳು ಸಿಸ್ಟರ್. "ಮನೆಯಲ್ಲಿ ಒಬ್ಬರೇ ಇದ್ದಾಗ ಯಾರು ಎತ್ತುತ್ತಾರೆ?" ಈ ಕಟ್ಟಳೆಯನ್ನು ಕೇಳಿದ ಕ್ಷಣವೇ ಬೆತ್ತದಕ್ಕನಿಗೆ ಆ ಜಾಗ ಹಿಡಿಸಿತು. ಎಷ್ಟೋ ದಿನಗಳಲ್ಲಿ ಮೊದಲ ಸಲ ಅವಳ ಕಂಕುಳಲ್ಲಿ ಬೇರೆಯವರ ಕೈ ಇರಲಿಲ್ಲ.

ಏಳುವ ಕ್ರಮ ಸರಳವಾದದ್ದು. ಮಗ್ಗುಲಾಗು. ಮೊಣಕೈ ಊರು. ಮಂಡಿ ಮತ್ತು ಅಂಗೈಗಳ ಮೇಲೆ ಬಾ. ಹಾಗೆಯೇ ಅಂಬೆಗಾಲಿಟ್ಟು ಗಟ್ಟಿಯಾದ ಒಂದು ವಸ್ತುವಿನವರೆಗೆ ಹೋಗು. ಅದನ್ನು ಹಿಡಿದು ಒಂದು ಪಾದ ಮುಂದಿಡು, ಒತ್ತು, ನಿಲ್ಲು. ಬೆತ್ತದಕ್ಕ ಮೊದಲ ಎರಡನ್ನು ಬೇಗ ಕಲಿತಳು. ಮೂರನೆಯದಕ್ಕೆ ಬಂದು ನಿಂತುಬಿಟ್ಟಳು. ಅಲ್ಲ, ಮಲಗಿಬಿಟ್ಟಳು.

"ಅಂಬೆಗಾಲು ಇಡಲ್ಲ," ಎಂದಳು.

"ಮಂಡಿ ನೋವಾ?"

"ನೋವಲ್ಲ. ನೆಲದ ಮೇಲೆ ಕೂತು ದುಡಿದೋಳು ನಾನು. ತೆವಳಿದೋಳಲ್ಲ."

"ಹಾಗಾದ್ರೆ ಅಲ್ಲೇ ಇರಿ," ಎಂದಳು ಸಿಸ್ಟರ್, ಬೇಸರವೂ ಇಲ್ಲದೆ ಕನಿಕರವೂ ಇಲ್ಲದೆ. ಉಳಿದವರಿಗೆ ಬೆಂಚು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದನ್ನು ಹೇಳಿಕೊಡಲು ಹೋದಳು. ಬೆತ್ತದಕ್ಕ ಚಾಪೆಯ ಮೇಲೆ ಮಲಗಿ ಹಾಲಿನ ಸೂರು ನೋಡಿದಳು. ಅವಳ ಪಕ್ಕದಲ್ಲಿ ಹಿರಿಯ ಓರಗಿತ್ತಿ ಆಗಲೇ ಕೈ ಮಂಡಿ ಊರಿ ಹೊರಟಿದ್ದಳು, ಉಸಿರುಬಿಡುತ್ತ. "ಏನಕ್ಕಾ, ಮರ್ಯಾದೆ ಕಾಯ್ತಾ ಮಲಗಿದೀಯಾ?" ಎಂದು ದಾರಿಯಲ್ಲೇ ಕೇಳಿದಳು. "ಮಲಗಿದ್ರೇನು ಅದು ಹೆಚ್ಚಾಗತ್ತಾ?" ಹಿಂದಿನಿಂದ ಕಿರಿಯಳು, "ಮುಂದೆ ನಡೀರಿ, ಟ್ರಾಫಿಕ್ ಜಾಮ್ ಆಗಿದೆ," ಎಂದಳು. ಬಸ್ಸಿನ ಮಾವ ಬಾಯಲ್ಲೇ ಹಾರ್ನ್ ಹೊಡೆದ. ಬೆತ್ತದಕ್ಕನಿಗೆ ನಗು ಬಂತು. ನಗುವಾಗ ಮೈ ತಾನಾಗಿ ಮಗ್ಗುಲಾಯಿತು. ಮಗ್ಗುಲಾದವಳು ಮಂಡಿ ಊರಿದಳು. ನಾಲ್ಕು ಕಾಲಿನ ಮೇಲೆ ಬೆಂಚಿನವರೆಗೆ ಹೋಗಿ, ಅದನ್ನು ಅಲ್ಲಾಡಿಸಿ ನೋಡಿ, ಹಿಡಿದು, ಎದ್ದು ನಿಂತಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರ ಕೈಗಳೂ ಬೆನ್ನ ಹಿಂದೆ ಇದ್ದವು. "ಇನ್ನೊಂದ್ಸಲ," ಎಂದಳು ಸಿಸ್ಟರ್.

ಅಂದಿನಿಂದ ಅವಳಿಗೆ ಆ ಹಾಲಿನ ಹುಚ್ಚು ಹಿಡಿಯಿತು. ಕೆಲವು ವಾರಗಳಲ್ಲಿ ಸಿಸ್ಟರ್ ಚಾಪೆಗಳನ್ನು ಮಡಿಸಿಡಿಸಿದಳು, ನಿಮ್ಮ ಅಡುಗೆಮನೆಯಲ್ಲಿ ಚಾಪೆ ಹಾಸಿಲ್ಲವಲ್ಲ ಎಂದು. ಬರಿನೆಲದಿಂದಲೂ ಬೆತ್ತದಕ್ಕ ಎದ್ದಳು. ಬಲಗಡೆಯಿಂದ ಎದ್ದಳು, ಎಡಗಡೆಯಿಂದ ಎದ್ದಳು, ಮೂಲೆಯಲ್ಲಿ ಸಿಕ್ಕಿಕೊಂಡಂತೆ ಮಲಗಿ ಎದ್ದಳು. ಮನೆಯಲ್ಲಿ ಗೋಡೆ ಸವರುವುದು ತಾನಾಗಿ ನಿಂತಿತು. ಬಚ್ಚಲಿನ ಚಿಲಕ ಮತ್ತೆ ಬಿತ್ತು. ಅಳಿಯನಿಗೆ, "ಚೀಟಿ ಬದಲಾಯಿಸಪ್ಪಾ, 'ಹೇಗೆ ಬೇಕಾದ್ರೂ ಎಸೀಬಹುದು' ಅಂತ ಬರಿ," ಎಂದಳು. ಆದರೆ ಮಗಳ ಎದುರು ಮಾತ್ರ ಕಥೆ ಹಳೆಯದೇ. ತಾಯಿ ಮಂಡಿ ಊರಿದ್ದನ್ನು ಕಂಡರೆ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಮರುಕ್ಷಣ ಎರಡೂ ಕೈ ತಾಯಿಯ ತೋಳಿನಲ್ಲಿ. ಕರಾರು ಈಡೇರಲಿಲ್ಲ, ಬೀಗ ತೆಗೆಯಲಿಲ್ಲ.

ಅಷ್ಟರಲ್ಲಿ ಬಳಗದಲ್ಲಿ ಒಂದು ಎಡವಟ್ಟಾಯಿತು. ಅಂಥ ಎಡವಟ್ಟು ಬೇರೆ ಯಾವ ಗುಂಪಿನಲ್ಲೂ ಆಗಲು ಸಾಧ್ಯವಿರಲಿಲ್ಲ. ಬಸ್ಸಿನ ಮಾವ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ತಿಂಡಿ ತಿನ್ನದೆ ಬಂದಿದ್ದ. ಸಿಸ್ಟರ್ ಬಾಗಿಲಾಚೆ ಕಾವಲುಗಾರನ ಹತ್ತಿರ ಫ್ಯಾನಿನ ವಿಷಯಕ್ಕೆ ತಗಾದೆ ಮಾಡುತ್ತಿದ್ದಳು. ಹಾಲಿನ ನಡುವೆ ಮಾವ ಕಣ್ಣು ಕತ್ತಲಿಟ್ಟು ಉದ್ದಕ್ಕೆ ಬಿದ್ದ. ಬಳಗದವರೆಲ್ಲ ತಕ್ಷಣ ಸುತ್ತ ನಿಂತು ಕೈ ಹಿಂದೆ ಕಟ್ಟಿಕೊಂಡರು.

"ಎಷ್ಟು ನೀಟಾಗಿ ಬಿದ್ದ ನೋಡು," ಎಂದಳು ಹಿರಿಯ ಓರಗಿತ್ತಿ.

"ಮಾವ, ಮಗ್ಗುಲಾಗಿ," ಎಂದಳು ಬೆತ್ತದಕ್ಕ.

ಮಾವ ಆಗಲಿಲ್ಲ.

"ಯೋಚನೆ ಮಾಡ್ತಿದಾನೆ. ಅವಸರ ಮಾಡಬೇಡಿ," ಎಂದಳು ಕಿರಿಯಳು.

ಸಿಸ್ಟರ್ ಒಳಗೆ ಬಂದವಳು ಎಲ್ಲರನ್ನೂ ಪಕ್ಕಕ್ಕೆ ತಳ್ಳಿ ಮಂಡಿಯೂರಿದಳು. ಮಗ್ಗುಲಿಗೆ ತಿರುಗಿಸಿದಳು, ಕೆನ್ನೆ ತಟ್ಟಿದಳು. ಅರೆ ಎಚ್ಚರವಾದ ಮೇಲೆ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿದಳು. ಸ್ವಲ್ಪ ಹೊತ್ತಿಗೆ ಮಾವ ಸುತ್ತ ನೋಡಿ, "ನಾನು ಎದ್ನಾ?" ಎಂದು ಕೇಳಿದ. ಆ ದಿನ ಬಳಗಕ್ಕೆ ಬಿದ್ದ ಬೈಗುಳ ಬೆತ್ತದಕ್ಕನಿಗೆ ಸತ್ತ ಅತ್ತೆಯನ್ನು ನೆನಪಿಸಿತು. ಕಟ್ಟಳೆಗೆ ಒಂದು ತಿದ್ದುಪಡಿಯೂ ಆಯಿತು: ಕೈ ಹಿಂದಕ್ಕೆ ಹೋಗುವ ಮೊದಲು "ಇದ್ದೀರಾ?" ಎಂದು ಕೇಳಬೇಕು. ಉತ್ತರ ಬಂದರೆ ಮಾತ್ರ ಮುಂದಿನ ಮಾತು.

ಕಿರಿಯ ಓರಗಿತ್ತಿ ಮಂಡಿಗೆ ಮುಲಾಮು ಕೊಳ್ಳಲು ಔಷಧಿ ಅಂಗಡಿಗೆ ಹೋಗಿ, ಇದನ್ನೆಲ್ಲ ಒಳ್ಳೆಯ ತಮಾಷೆಯೆಂದು ಬಣ್ಣಿಸಿದಳು. ಕೌಂಟರಿನ ಹಿಂದಿದ್ದ ಮಗಳಿಗೆ ನಗು ಬರಲಿಲ್ಲ.

"ಒಬ್ಬ ಮನುಷ್ಯ ಪ್ರಜ್ಞೆ ತಪ್ಪಿ ಬಿದ್ದಿದ್ರೆ ಕೈ ಕಟ್ಟಿಕೊಂಡು ನಿಂತಿದ್ರಂತಲ್ಲ," ಎಂದಳು ಆ ಸಂಜೆ. "ನಾಳೆ ಅದು ನೀನಾಗಿದ್ರೆ? ಆ ಬಳಗ ಬೇಡಮ್ಮ. ಆಚೆ ಬೀದಿಯ ಕುರ್ಚಿಯವನ ಹತ್ತಿರ ಮಾತಾಡಿದೀನಿ. ನಾಳೆ ಸಂಜೆ ಬಂದು ನಿನ್ನ ಬೆತ್ತ, ಸಾಮಾನು, ತೊಟ್ಟಿ ಎಲ್ಲಾ ತಗೊಂಡು ಹೋಗ್ತಾನೆ."

"ಅವನಾ? ಅವನು ಸ್ಟೂಲ್ ಮೇಲೆ ಕೂತು ಹೆಣೀತಾನೆ."

"ಕೂತ್ಕೊಳ್ಳಲಿ. ಬಿದ್ದಿಲ್ಲವಲ್ಲ."

ಬೆತ್ತದಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ನೂರು ಸಲ ಎದ್ದದ್ದನ್ನು ಇವಳು ಒಂದು ಸಲವೂ ನೋಡಿಲ್ಲ. ನೋಡುವುದಕ್ಕೆ ಇವಳ ಕೈಗಳೇ ಬಿಟ್ಟಿಲ್ಲ. "ಬರಲ್ಲ ಅಂತ ಸಿಸ್ಟರಿಗೆ ನಾನೇ ಹೇಳಿ ಬರ್ತೀನಿ," ಎಂದಳು ಕೊನೆಗೆ. "ನಾನೂ ಬರ್ತೀನಿ," ಎಂದಳು ಮಗಳು. "ಅವರಿಗೆ ನಾಲ್ಕು ಮಾತು ಆಡೋದಿದೆ."

ಮರುದಿನ ಬೆಳಗ್ಗೆ ಮಗಳು ಕುಸ್ತಿ ಹಾಲಿನಲ್ಲಿ ನಾಲ್ಕಲ್ಲ, ಹೆಚ್ಚೇ ಮಾತಾಡಿದಳು. ಸಿಸ್ಟರ್ ಪೂರ್ತಿ ಕೇಳಿಸಿಕೊಂಡಳು. "ಆ ತಪ್ಪು ನನ್ನದು," ಎಂದಳು. "ನಾನು ಬಾಗಿಲ ಹತ್ತಿರ ಇರಬಾರದಿತ್ತು. ಆದ್ರೆ ನಿಮ್ಮ ಅಮ್ಮ ಏಳೋದನ್ನ ನೀವೊಂದು ಸಲ ನೋಡಬೇಕು."

"ನೋಡಿದೀನಿ. ಪ್ರತಿ ಸಲ ನಾನೇ ಎತ್ತಿದೀನಿ," ಎಂದು ಮಗಳು ತಾಯಿಯನ್ನು ಕರೆದುಕೊಂಡು ಹೊರಟೇಬಿಟ್ಟಳು.

ಹಾಲಿನ ಮುಂದೆಯೇ ತರಕಾರಿ ಮಾರ್ಕೆಟ್ಟು. ಇಕ್ಕೆಲದಲ್ಲೂ ಕ್ರೇಟುಗಳು, ನಡುವೆ ಜನ, ಕೈಗಾಡಿಗಳು, ನೆಲದ ಮೇಲೆ ಸೊಪ್ಪಿನ ಕಸ. ತಾಯಿ ಎರಡು ಹೆಜ್ಜೆ ಮುಂದಿದ್ದಳು. "ಎತ್ತಿದೀನಿ ಅಂತೀಯಲ್ಲ, ನಾನು ಕೇಳಿದ್ನಾ ನಿನ್ನ—" ಎನ್ನುತ್ತ ಹಿಂದಕ್ಕೆ ತಿರುಗಿದಳು. ಅದೇ ಕ್ಷಣ ನಿಲ್ಲಿಸಿದ್ದ ಕೈಗಾಡಿಯ ಹಿಡಿಗೆ ಅವಳ ಕಾಲು ತಗುಲಿತು. ಎಲ್ಲರೂ ನೋಡುತ್ತಿದ್ದಂತೆ ಬೆತ್ತದಕ್ಕ ರಸ್ತೆಯ ನಡುವೆ ಬಿದ್ದಳು.

ಮಗಳು ಕಿರುಚಿದಳು. ಗಾಡಿಯವನು ಓಡಿಬಂದ, ಮೂಲಂಗಿ ಮಾರುವವನು ತಕ್ಕಡಿ ಬಿಟ್ಟು ಬಂದ. ಅವರಿಗಿಂತ ಮೊದಲು ಹಾಲಿನ ಬಾಗಿಲಿನಿಂದ ಬಿದ್ದವರ ಬಳಗ ಬಂದು ಸುತ್ತ ನಿಂತಿತ್ತು.

"ಇದ್ದೀರಾ?" ಎಂದ ಬಸ್ಸಿನ ಮಾವ, ಎಲ್ಲರಿಗಿಂತ ಮೊದಲು ಮತ್ತು ಎಲ್ಲರಿಗಿಂತ ಜೋರಾಗಿ.

"ಇದೀನಿ. ಇನ್ನೆಲ್ಲಿಗೆ ಹೋಗ್ಲಿ?" ಎಂದಿತು ನೆಲದಿಂದ ಒಂದು ಧ್ವನಿ.

ಸಿಸ್ಟರ್ ಬಗ್ಗಿ ತಲೆ ತಗುಲಿತೇ ಎಂದು ಕೇಳಿದಳು, ಸೊಂಟ ಮುಟ್ಟಿ ನೋಡಿದಳು, ಎರಡೂ ಪಾದ ಅಲ್ಲಾಡಿಸಲು ಹೇಳಿದಳು. ಆಮೇಲೆ ಎದ್ದು ಹಿಂದೆ ಸರಿದಳು. ಬಳಗದ ಅಷ್ಟೂ ಕೈಗಳು ಬೆನ್ನ ಹಿಂದಕ್ಕೆ ಹೋದವು.

ಮಾರ್ಕೆಟ್ಟು ಇಂಥದ್ದನ್ನು ಕಂಡಿರಲಿಲ್ಲ. "ಏನ್ರೀ ಇದು, ಮನುಷ್ಯರಾ ನೀವು?" ಎಂದ ಮೂಲಂಗಿಯವನು. "ಮುದುಕಿ ಬಿದ್ದಿದಾಳೆ, ಮೆರವಣಿಗೆ ನೋಡೋ ಹಾಗೆ ನಿಂತಿದೀರಲ್ಲ!"

"ನೀನೂ ಕೈ ಕಟ್ಟಪ್ಪಾ," ಎಂದಳು ಹಿರಿಯ ಓರಗಿತ್ತಿ.

"ಮುದುಕಿ ಯಾರೋ?" ಎಂದಳು ನೆಲದ ಮೇಲಿದ್ದವಳು.

ಮಗಳು ಜನರನ್ನು ಸೀಳಿಕೊಂಡು ಬಂದು ಎರಡೂ ಕೈ ಚಾಚಿದಳು. ಬೆತ್ತದಕ್ಕ ಮಗಳ ಮುಖ ನೋಡಿದಳು. ಸಂಜೆ ಆ ಸ್ಟೂಲಿನವನು ಬರುತ್ತಾನೆ. ಇವಳು ಕಣ್ಣಾರೆ ನೋಡುವುದಾದರೆ ಇದೊಂದೇ ಸಲ.

"ಮುಟ್ಟಬೇಡ," ಎಂದಳು. ಗಟ್ಟಿಯಾಗಿ ಹೇಳಲಿಲ್ಲ. ಕೆಲಸ ಮಾಡುವಾಗ ಅಡ್ಡ ಬಂದ ಮಗುವಿಗೆ ಹೇಳುವಂತೆ ಹೇಳಿದಳು. "ನಾನು ಕೈ ಕೇಳಿಲ್ಲ. ಕೇಳಿದ್ರೆ ಕೊಡು."

ಮಗಳ ಕೈಗಳು ಗಾಳಿಯಲ್ಲಿ ನಿಂತವು. ಹಿಂದೆ ಹೋಗಲು ಒಪ್ಪದ ಆ ಕೈಗಳನ್ನು ಅವಳು ಒಂದರಿಂದ ಇನ್ನೊಂದನ್ನು ಹಿಡಿದು, ಬಲವಂತವಾಗಿ ಬೆನ್ನ ಹಿಂದಕ್ಕೆ ಒಯ್ದು, ಬೆರಳುಗಳನ್ನು ಬಿಗಿದಳು. ನೆಲದಿಂದ ಏಳುವುದಕ್ಕಿಂತ ಅದು ಸುಲಭವಾಗಿರಲಿಲ್ಲ.

ಬೆತ್ತದಕ್ಕ ಮಗ್ಗುಲಾದಳು. ಮೊಣಕೈ ಊರಿದಳು. ಅಂಗೈ ಮತ್ತು ಮಂಡಿಗಳ ಮೇಲೆ ಬಂದಳು. ಬಟ್ಟೆಗೆ ಸೊಪ್ಪಿನ ಕೆಸರು ಹತ್ತಿತು. ಗಿರಾಕಿಗಳಲ್ಲಿ ಅರ್ಧ ಜನ ಆ ಗುಂಪಿನಲ್ಲಿದ್ದರು, ಅವಳ ಅಂಗಡಿಯಲ್ಲಿ ತಲೆ ಬಾಗಿಸಿದವರು. ಅವರ ಕಾಲುಗಳು ಈಗ ಅವಳ ಕಣ್ಣಿನ ಮಟ್ಟದಲ್ಲಿದ್ದವು. ಅವಳು ಅವುಗಳನ್ನು ನೋಡಲಿಲ್ಲ. ಏನನ್ನು ಹಿಡಿಯಬೇಕೆಂದು ನೋಡಿದಳು. ಹತ್ತಿರದಲ್ಲಿ ಖಾಲಿ ಕ್ರೇಟು. ತಟ್ಟಿ ನೋಡಿದಳು, ಅಲ್ಲಾಡಿತು, ಬೇಡ. ಗಾಡಿಗೆ ಚಕ್ರ ಇದೆ, ಬೇಡವೇ ಬೇಡ. ರಸ್ತೆಯಂಚಿನಲ್ಲಿ, ಗಾಡಿಗಳು ಒಳಗೆ ನುಗ್ಗದಂತೆ ನೆಟ್ಟ ಒಂದು ಮೋಟು ಕಲ್ಲಿನ ಕಂಬವಿತ್ತು.

"ದಾರಿ ಬಿಡಿ," ಎಂದಳು.

ಜನ ದಾರಿ ಬಿಟ್ಟರು. ಮಾರ್ಕೆಟ್ಟಿನ ನಡುವೆ, ಹಗಲು ಹೊತ್ತಿನಲ್ಲಿ, ಬೆತ್ತದಕ್ಕ ಅಂಬೆಗಾಲಿಟ್ಟು ಹೋದಳು. ಯಾರೂ ನಗಲಿಲ್ಲ. ಬಸ್ಸಿನ ಮಾವ ಕೂಡ ಹಾರ್ನ್ ಹೊಡೆಯಲಿಲ್ಲ. ಕಲ್ಲಿನ ಹತ್ತಿರ ಬಂದು ಅದನ್ನು ಎರಡು ಕೈಯಿಂದ ತಬ್ಬಿ ನೂಕಿ ನೋಡಿದಳು. ಕಲ್ಲು ಮಿಸುಕಲಿಲ್ಲ. ಬಲಪಾದ ಮುಂದಿಟ್ಟಳು. ಒತ್ತಿದಳು. ಅರ್ಧ ಎದ್ದವಳು ಮತ್ತೆ ಮಂಡಿಗೆ ಕುಸಿದಳು. ಗುಂಪು ಉಸಿರೆಳೆದುಕೊಂಡಿತು, ಗಾಡಿಯವನ ಕೈ ಮುಂದೆ ಬಂತು. ಅದನ್ನು ತಡೆದದ್ದು ಸಿಸ್ಟರ್ ಅಲ್ಲ, ಬಳಗದವರೂ ಅಲ್ಲ. ಮಗಳು ಭುಜದಿಂದ ಅವನನ್ನು ಹಿಂದಕ್ಕೆ ನೂಕಿ, "ಇರಿ, ಅವಳು ಏಳ್ತಾಳೆ," ಎಂದಳು.

ಬೆತ್ತದಕ್ಕ ಉಸಿರು ತೆಗೆದುಕೊಂಡಳು. ಈ ಸಲ ತೋಳಿನಿಂದ ಎಳೆಯಲಿಲ್ಲ, ಬೆನ್ನಿನಿಂದ ಒತ್ತಿದಳು. ಮಂಡಿ ನೆಲ ಬಿಟ್ಟಿತು, ಸೊಂಟ ಮೇಲೆ ಬಂತು. ಅವಳು ನಿಂತಳು. ಕಲ್ಲಿನಿಂದ ಒಂದು ಕೈ ತೆಗೆದಳು, ಆಮೇಲೆ ಇನ್ನೊಂದು.

ಮೊದಲು ಚಪ್ಪಾಳೆ ಹೊಡೆದದ್ದು ಮೂಲಂಗಿಯವನು. ಅವನ ಹಿಂದೆ ಇಡೀ ಮಾರ್ಕೆಟ್ಟು. ಬಳಗದವರ ಕೈಗಳು ಕಡೆಗೂ ಬೆನ್ನ ಹಿಂದಿನಿಂದ ಬಿಡುಗಡೆಯಾಗಿ ಎಲ್ಲರಿಗಿಂತ ಜೋರಾಗಿ ಬಡಿದುಕೊಂಡವು. ಸಿಸ್ಟರ್ ಇನ್ನೊಂದು ಸಲ ಎನ್ನಲಿಲ್ಲ. "ಸರಿ ಇತ್ತು," ಎಂದಳು. ಅವಳಿಂದ ಅಷ್ಟು ಬಂದದ್ದೇ ಹೆಚ್ಚು. ಗಾಡಿಯವನು ಸಿಸ್ಟರ್ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ನಮ್ಮಮ್ಮ ಬಿದ್ದ ಮೇಲೆ ಹಾಸಿಗೆ ಬಿಟ್ಟೇ ಇಲ್ಲ. ಕರ್ಕೊಂಡು ಬರಬಹುದಾ?" ಎಂದು ಕೇಳಿದ. "ನೀನು ನಿನ್ನ ಕೈ ಹಿಂದೆ ಇಟ್ಕೊಂಡು ಬರೋದಾದ್ರೆ," ಎಂದಳು ಸಿಸ್ಟರ್.

ಬೆತ್ತದಕ್ಕ ಮಗಳ ಕಡೆ ತಿರುಗಿದಳು. ಮಗಳ ಕಣ್ಣಲ್ಲಿ ನೀರಿತ್ತು. ಬೆರಳುಗಳು ಇನ್ನೂ ಬಿಗಿದೇ ಇದ್ದವು, ಬಿಡಿಸಿಕೊಳ್ಳಲು ಮರೆತಿದ್ದಳು.

"ನೋಡಿದ್ಯಾ?"

"ನೋಡಿದೆ."

"ಕಣ್ಣೆದುರಿಗೇ ತಾನೆ?"

"ಹೌದಮ್ಮ."

"ಅಳೋದಾದ್ರೆ ದಾರೀಲಿ ಅಳು. ನಡಿ, ಹೊತ್ತಾಯ್ತು."

ಮನೆಯ ದಾರಿ ಎಡಕ್ಕಿತ್ತು. ಬೆತ್ತದಕ್ಕ ಬಲಕ್ಕೆ ತಿರುಗಿದಳು. ಮಗಳು ಹಿಂದೆ ಹೋಗಿ, ಕೈಚೀಲದಿಂದ ಬೀಗದ ಕೈ ತೆಗೆದು, ಅಂಗಡಿಯ ಬಾಗಿಲು ತೆರೆದಳು. ಒಳಗೆ ಮುಗ್ಗಲು ವಾಸನೆ. ತೊಟ್ಟಿಯ ನೀರು ಬತ್ತಿತ್ತು. ಸಿಸ್ಟರ್ ಕೊಟ್ಟಿದ್ದ ಕುರ್ಚಿ ಅರ್ಧ ಹೆಣೆದಲ್ಲಿಗೇ ನಿಂತು, ಎಳೆಗಳು ಒಣಗಿ ಸೆಟೆದುಕೊಂಡಿದ್ದವು. ಬೆತ್ತದಕ್ಕ ಅವನ್ನು ಬೆರಳಿನಿಂದ ಮೀಟಿ ನೋಡಿ ಮುಖ ಸಿಂಡರಿಸಿದಳು. "ಎಲ್ಲಾ ಬಿಚ್ಚಬೇಕು. ಮೊದಲಿಂದ ಹೆಣೀಬೇಕು," ಎಂದಳು. ದೂರಿನ ದನಿಯಲ್ಲೇ ಹೇಳಿದಳು, ಆದರೆ ಅವಳಿಗೆ ಅಷ್ಟು ಸಂತೋಷವಾಗಿ ಬಹಳ ಕಾಲವಾಗಿತ್ತು.

"ಸಂಜೆ ಅವನು ಬರ್ತಾನಲ್ಲ," ಎಂದಳು ಮಗಳು. "ಬರಬೇಡ ಅಂತ ಫೋನ್ ಮಾಡ್ಲಾ?"

"ಬರಲಿ ಬಿಡು," ಎಂದಳು ಬೆತ್ತದಕ್ಕ, ಗೋಡೆಯಿಂದ ಚಾಕು ತೆಗೆಯುತ್ತ. "ಅವನು ಹೆಣೆದ ಒಂದು ಕುರ್ಚಿ ತಗೊಂಡು ಬರೋಕೆ ಹೇಳು. ರಿಪೇರಿ ಮಾಡಿಕೊಡ್ತೀನಿ."

ತೊಟ್ಟಿಗೆ ನೀರು ತುಂಬಿಸಿ ಬೆತ್ತ ನೆನೆಹಾಕಿದಳು. ಆಮೇಲೆ ಕೆಸರು ಮೆತ್ತಿದ ಬಟ್ಟೆಯಲ್ಲೇ, ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ, ನೆಲದ ಮೇಲೆ ಕೂತು ಕುರ್ಚಿಯನ್ನು ಮಂಡಿಗಳ ನಡುವೆ ಮಲಗಿಸಿಕೊಂಡಳು. ಹಳೆಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ತಲೆಯೆತ್ತದೆ ಹೇಳಿದಳು:

"ಇನ್ನೂ ಇಲ್ಲೇ ನಿಂತಿದ್ಯಾ? ನಿನ್ನ ಅಂಗಡಿಗೆ ಹೋಗು. ನನಗೆ ಕೆಲಸ ಇದೆ."